ಅಮ್ಮನ ಬಂಗು, ಅಪ್ಪನ ಕೂದಲು: ನಮ್ಮೂರ ಒಂದು ಸ್ಟುಡಿಯೋ ಬಗ್ಗೆ ಸ್ವಲ್ಪ ಉದ್ದದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಸ್ಟುಡಿಯೋ ಹೆಸರು ಹಾಕಲ್ಲ. ಕೊನೆಗೆ ಅವರೇ ಕೂತು ಸರಿ ಮಾಡ್ಕೊಟ್ಟಿದಾರೆ, ಇನ್ನು ಹೆಸರು ಹಾಕಿ ಮಾನ ಕಳೆಯೋದು ಯಾಕೆ. ಅದೂ ಅಲ್ದೆ ಇದು ಅವರೊಬ್ಬರ ಕಥೆ ಅಲ್ಲ, ನಿಮ್ಮೂರಲ್ಲೂ ಯಾವ ಸ್ಟುಡಿಯೋ ಬಾಗಿಲು ತಟ್ಟಿದ್ರೂ ಹೆಚ್ಚುಕಮ್ಮಿ ಇದೇ ಆಗುತ್ತೆ. ತುಮಕೂರು, ಮೂವತ್ತು ವರ್ಷಕ್ಕಿಂತ ಹಳೇ ಅಂಗಡಿ, ಅಪ್ಪ ಶುರು ಮಾಡಿದ್ದು ಈಗ ಮಗ ನಡೆಸ್ತಿದಾರೆ, ಇಷ್ಟು ಸಾಕು. ಫೋಟೋ ತೆಗೆದಿದ್ದಕ್ಕೆ ನಾಲ್ಕೂವರೆ ಸ್ಟಾರ್, ಟಚಪ್‌ಗೆ ಮೊದಲ ಸಲ ಒಂದು, ಎರಡನೇ ಸಲ ನಾಲ್ಕು. ಆವರೇಜ್ ನೀವೇ ಹೊಡ್ಕೊಳ್ಳಿ, ಮೂರು ಚಿಲ್ಲರೆ ಬರುತ್ತೆ.

ಅಪ್ಪಂಗೆ ಅರವತ್ತು ತುಂಬ್ತು ಅಂತ ಷಷ್ಟಿಪೂರ್ತಿ ಮಾಡಿದ್ವಿ. ಆವತ್ತಿನ ಫೋಟೋ ರಾಶಿ ಇದಾವೆ, ಹೋಮದ ಹೊಗೆ, ಎಲ್ಲರ ಕೆಂಪು ಕಣ್ಣು, ಕಳಶದ ನೀರು ತಲೆ ಮೇಲೆ ಸುರೀತಿರೋದು, ಅಮ್ಮ ಒದ್ದೆ ಸೀರೇಲಿ ನಡುಗ್ತಾ ನಿಂತಿರೋದು. ಆದ್ರೆ ಗೋಡೆಗೆ ಹಾಕೋ ಥರದ್ದು ಒಂದೂ ಇಲ್ಲ. ಇವರಿಬ್ಬರೇ ನೆಟ್ಟಗೆ ಕೂತು ತೆಗೆಸ್ಕೊಂಡ ಫೋಟೋ ಅಂದ್ರೆ ಮದುವೆ ಆದ ಹೊಸದ್ರಲ್ಲಿ ತೆಗೆಸಿದ್ದು ಒಂದೇ, ಅದ್ರಲ್ಲೂ ಅಪ್ಪ ಕ್ಯಾಮೆರಾ ಬಿಟ್ಟು ಇನ್ನೆಲ್ಲೋ ನೋಡ್ತಿದಾರೆ. ಅದಕ್ಕೆ ನಾನೇ ಹಠ ಮಾಡಿ ಇಬ್ಬರನ್ನೂ ಎಳ್ಕೊಂಡು ಹೋದೆ. ಪ್ಯಾಕೇಜ್ 4,500 ರೂಪಾಯಿ. ಸಿಟಿಂಗು, ಟಚಪ್ ಮಾಡಿದ ಐದು ಸಾಫ್ಟ್ ಕಾಪಿ, ಜೊತೆಗೆ 16×24 ಇಂಚಿನ ಒಂದು ಫ್ರೇಮು.

ಫೋಟೋ ತೆಗೆಯೋ ವಿಷಯದಲ್ಲಿ ಅವರಿಗೆ ಕೈ ಮುಗೀಬೇಕು. ಇವತ್ತಿಗೂ ಎಷ್ಟೋ ಕಡೆ ಎರಡು ಕಡೆ ಎರಡು ಛತ್ರಿ ಲೈಟು ನಿಲ್ಲಿಸಿ ಟಪ್ ಅಂತ ಹೊಡೆದು ಕಳಿಸಿಬಿಡ್ತಾರೆ, ಮುಖ ದೋಸೆ ಥರ ಚಪ್ಪಟೆ ಬರುತ್ತೆ. ಇವರು ಹಾಗೆ ಮಾಡ್ಲಿಲ್ಲ. ಒಂದು ದೊಡ್ಡ ಸಾಫ್ಟ್‌ಬಾಕ್ಸು, ಅಂದ್ರೆ ಬಿಳಿ ಬಟ್ಟೆ ಮುಚ್ಚಿದ ಡಬ್ಬದಂಥ ಲೈಟು, ಮುಂದೆ, ಸ್ವಲ್ಪ ಪಕ್ಕಕ್ಕೆ, ಅಮ್ಮನ ಮುಖಕ್ಕೆ ಎಷ್ಟು ಹತ್ರ ಆಗುತ್ತೋ ಅಷ್ಟು ಹತ್ರ, ಇನ್ನೊಂದು ಕಡೆ ಬರೀ ಥರ್ಮಕೋಲ್ ಶೀಟು. ಯಾಕೆ ಅಷ್ಟು ಹತ್ರ ಅಂತ ಕೇಳಿದ್ದಕ್ಕೆ, ಲೈಟು ದೊಡ್ಡದಾಗಿ ಹತ್ರ ಇದ್ರೆ ನೆರಳಿನ ಅಂಚು ಮೆತ್ತಗಾಗುತ್ತೆ, ಸುಕ್ಕು ತಾನಾಗೇ ಅರ್ಧ ಕಮ್ಮಿ ಕಾಣುತ್ತೆ, ಅದೇ ಲೈಟು ದೂರ ಇಟ್ಟು ಪಕ್ಕದಿಂದ ಹೊಡೆದ್ರೆ ಒಂದೊಂದು ಗುಳೀನೂ ಎದ್ದು ಕಾಣುತ್ತೆ ಅಂದ್ರು. ನೋಡಿ, ವಿದ್ಯೆ ಇದೆ ಮನುಷ್ಯನ ಹತ್ರ! ಕೌಂಟರ್‌ನಲ್ಲಿ ಕೂತಿದ್ದ ಅವರ ತಂದೆ, ಎಪ್ಪತ್ತು ದಾಟಿದೆ ಅನ್ಸುತ್ತೆ, ಎದ್ದು ಬಂದು ಅಪ್ಪನ ಶಲ್ಯದ ಮಡಿಕೆ ಸರಿ ಮಾಡಿ, "ತಾಯಿ, ಮದುವೆ ಆಗಿ ಗಂಡನ ಮನೆಗೆ ಯಾವ ಗಾಡೀಲಿ ಬಂದ್ರಿ" ಅಂತ ಕೇಳಿದ್ರು. ಅಮ್ಮ "ಲಾರೀಲಿ" ಅಂದು ನಕ್ಕೇಬಿಟ್ರು. ಆ ನಗೂನೇ ಫೋಟೋ.

ಒಂಬತ್ತು ದಿನ ಆದ್ಮೇಲೆ ವಾಟ್ಸಾಪಲ್ಲಿ ಐದು ಫೋಟೋ ಬಂತು. ಬಸ್ಸಲ್ಲಿದ್ದೆ, ಚಿಕ್ಕ ಸೈಜಲ್ಲಿ ನೋಡಿ ಅಬ್ಬಾ ಸೂಪರ್ ಅಂತ ಹಾರ್ಟು ಕಳಿಸಿ ಥ್ಯಾಂಕ್ಯೂನೂ ಹೇಳ್ಬಿಟ್ಟೆ. ತಪ್ಪು ನಂದೇ ಅದು. ಮನೆಗೆ ಹೋಗಿ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿದ್ರೆ ಗಾಬರಿ ಆಯ್ತು.

ಅಮ್ಮನ ಮುಖದಲ್ಲಿ ಚರ್ಮಾನೇ ಇಲ್ಲ. ಮೇಣದ ಬೊಂಬೆ ಅಂತಾರಲ್ಲ, ಅದೂ ಅಲ್ಲ, ಮೈದಾ ಹಿಟ್ಟು ನಾದಿ ಎಣ್ಣೆ ಸವರಿ ಇಟ್ಟಂಗೆ. ಹಣೆ ಮೇಲಿನ ಮೂರು ಗೆರೆ ಹೋಗಿದೆ, ಹೋಗ್ಲಿ ಬಿಡಿ. ಗದ್ದದ ಪಕ್ಕದ ಮಚ್ಚೆ ಹೋಗಿದೆ. ಬಣ್ಣ ಎರಡು ಮೂರು ಮೆಟ್ಟಿಲು ಮೇಲಕ್ಕೆ ಹೋಗಿದೆ, ಆದ್ರೆ ಮುಖದ್ದು ಮಾತ್ರ, ಮಡಿಲಲ್ಲಿಟ್ಟ ಕೈ ಹಂಗೇ ಅಮ್ಮನ ಬಣ್ಣದಲ್ಲೇ ಇದೆ, ಯಾರದೋ ಕೈ ತಂದು ಜೋಡಿಸಿದಂಗೆ. ಮೂಗುಬೊಟ್ಟಿನ ಕೆಳಗೆ ಒಂಚೂರು ನೆರಳು ಬೀಳುತ್ತಲ್ಲ, ಅದನ್ನ ಕಲೆ ಅನ್ಕೊಂಡು ಅಳಿಸಿದಾರೆ, ಬೊಟ್ಟು ಮೂಗಿಗೆ ಅಂಟಿಲ್ಲ, ಸ್ಟಿಕರ್ ಥರ ಗಾಳೀಲಿ ನಿಂತಿದೆ. ನಂಗೆ ನಿಜವಾಗ್ಲೂ ಹೊಟ್ಟೆ ಉರಿದಿದ್ದು ಕಿವಿ ನೋಡಿ. ಅಮ್ಮಂದು ನಲವತ್ತು ವರ್ಷ ಭಾರದ ಓಲೆ ಹಾಕಿ ತೂತು ಉದ್ದಕ್ಕೆ ಜಗ್ಗಿದೆ, ಆ ಕಿವಿ ನೋಡಿದ್ರೆ ದೂರದಿಂದಾನೂ ನಮ್ಮಮ್ಮ ಅಂತ ಹೇಳ್ಬೋದು. ಅದನ್ನೂ ಹೊಲಿದು ಹಾಕಿದಾರೆ! ಉದ್ದ ತೂತು ಮುಚ್ಚಿ ಮೇಲೆ ಓಲೆ ಕೂರಿಸಿದಾರೆ. ಮುಂಗೈ ಮೇಲಿದ್ದ ಸುಟ್ಟ ಕಲೆ, ಗೌರಿ ಹಬ್ಬಕ್ಕೆ ಚಕ್ಕುಲಿ ಕರಿಯುವಾಗ ಎಣ್ಣೆ ಹಾರಿದ್ದು, ಅದೂ ಮಾಯ. ಕೈ ಬಣ್ಣ ಮುಟ್ಟದೋರಿಗೆ ಕೈ ಕಲೆ ಮಾತ್ರ ಹೆಂಗೆ ಕಾಣ್ತೋ.

ಅಪ್ಪನ್ನ ನೋಡಿದ್ರೆ ಇನ್ನೊಂದು ಕಥೆ. ಮೀಸೆ ಕಪ್ಪು, ಕಣ್ಣಿನ ಕೆಳಗಿನ ಚೀಲ ಖಾಲಿ, ನೆತ್ತಿ ಮೇಲೆ ಹದಿನೈದು ವರ್ಷದ ಹಿಂದೆ ಉದುರಿದ ಕೂದಲು ಪೂರ್ತಿ ವಾಪಸ್. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿ "ಚೆನ್ನಾಗಿ ತೆಗ್ದಿದಾನೆ ಹುಡುಗ" ಅಂದ್ರು. ಅಮ್ಮ ನೋಡಿ ಏನೂ ಹೇಳ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಏನೇ ಇದು, ನನ್ನ ಮಚ್ಚೆ ಎಲ್ಲಿ ಹೋಯ್ತು?"

ಮಾರನೇ ಶನಿವಾರ ಅಮ್ಮನ್ನೂ ಕರ್ಕೊಂಡೇ ಹೋದೆ. ಜಗಳ ಆಡೋಕೆ ರೆಡಿ ಆಗೇ ಹೋಗಿದ್ದೆ, ಆದ್ರೆ ಮಗ ಫೋಟೋಗ್ರಾಫರ್ ಮೊದಲ ಮಾತಿಗೇ "ಮೇಡಮ್, ಅದು ನಾನು ಮಾಡಿದ್ದಲ್ಲ" ಅಂದ್ಬಿಟ್ರು. ಮದುವೆ ಸೀಸನ್ನು, ಸಾವಿರಾರು ಫೋಟೋ, ಎಲ್ಲಾನೂ ಹೊರಗಡೆ ಎಡಿಟರ್‌ಗೆ ಕಳಿಸ್ತಾರಂತೆ, ಅವನು ಫೋಟೋಗೆ ಇಷ್ಟು ಅಂತ ಲೆಕ್ಕ ಹಾಕಿ ಸಾಫ್ಟ್‌ವೇರಲ್ಲಿ ಒಂದೇ ಪ್ರಿಸೆಟ್, ಅಂದ್ರೆ ಮೊದ್ಲೇ ಮಾಡಿಟ್ಟ ಸೆಟ್ಟಿಂಗು, ಒತ್ತಿ ಇಡೀ ಫೋಲ್ಡರ್ ಬಿಡ್ತಾನಂತೆ. ಇಪ್ಪತ್ತೈದರ ಮದುಮಗಳಿಗೂ ಅದೇ, ಅರವತ್ತರ ಹತ್ರ ಇರೋ ನಮ್ಮಮ್ಮಂಗೂ ಅದೇ. ಮಚ್ಚೆ ಯಾವುದು ಮೊಡವೆ ಯಾವುದು ಅಂತ ಆ ಸಾಫ್ಟ್‌ವೇರ್‌ಗೆ ಗೊತ್ತಿಲ್ಲ, ಸುತ್ತಲಿನ ಚರ್ಮಕ್ಕಿಂತ ಬೇರೆ ಬಣ್ಣದ ಚುಕ್ಕೆ ಕಂಡ್ರೆ ಒರೆಸು, ಅಷ್ಟೇ. ಕೇಳಿದ್ರೆ ಸಿಟ್ಟು ಇಳಿಯುತ್ತೆ, ಆದ್ರೆ ನಾಲ್ಕೂವರೆ ಸಾವಿರ ತಗೊಂಡು ಕಳಿಸೋ ಮುಂಚೆ ಒಂದ್ಸಲ ಕಣ್ಣು ಹಾಯಿಸಬಾರದಾ? ಅದಕ್ಕೇ ಒಂದು ಸ್ಟಾರ್.

ಸ್ವಲ್ಪ ಟೆಕ್ನಿಕಲ್ ಹೇಳ್ತೀನಿ, ಗೊತ್ತಿರೋರು ಮುಂದಿನ ಪ್ಯಾರಾಗೆ ಹೋಗಿ. ಚರ್ಮದ ಫೋಟೋದಲ್ಲಿ ಎರಡು ಸಂಗತಿ ಇರುತ್ತೆ, ಒಂದು ಬಣ್ಣ ಮತ್ತೆ ನೆರಳಿನ ಏರಿಳಿತ, ಇನ್ನೊಂದು ಮೇಲಿನ ನವಿರು, ಅಂದ್ರೆ ರಂಧ್ರ, ಸಣ್ಣ ರೋಮ, ಸಣ್ಣ ಗೆರೆ. ಒಳ್ಳೆ ಎಡಿಟರ್ ಇವೆರಡನ್ನೂ ಎರಡು ಲೇಯರ್, ಅಂದ್ರೆ ಪದರ, ಮಾಡಿ ಬೇರೆ ಬೇರೆ ಇಟ್ಕೊಂಡು ಬಣ್ಣದ್ದನ್ನ ಮಾತ್ರ ಸಮ ಮಾಡ್ತಾನೆ, ನವಿರು ಮುಟ್ಟಲ್ಲ, ಇದಕ್ಕೆ ಫ್ರೀಕ್ವೆನ್ಸಿ ಸೆಪರೇಷನ್ ಅಂತಾರೆ. ಇನ್ನೂ ತಾಳ್ಮೆ ಇರೋನು ಡಾಡ್ಜ್ ಅಂಡ್ ಬರ್ನ್ ಮಾಡ್ತಾನೆ, ಒಂದೊಂದೇ ಕಡೆ ಒಂಚೂರು ಬೆಳ್ಳಗೆ ಒಂಚೂರು ಕಪ್ಪಗೆ, ಒಂದು ಮುಖಕ್ಕೆ ಗಂಟೆಗಟ್ಟಲೆ. ಅವಸರದೋನು ಎರಡನ್ನೂ ಒಟ್ಟಿಗೆ ಮಸುಕು ಮಾಡ್ತಾನೆ, ಅಲ್ಲೇ ಹಿಟ್ಟಿನ ಬೊಂಬೆ ಹುಟ್ಟೋದು. ಫೋಟೋಶಾಪ್ ಬಂದಿದ್ದು 1990ರಲ್ಲಿ, ಮೂಗು ಸೊಂಟ ಎಳೆದು ಸಣ್ಣ ಮಾಡೋ ಲಿಕ್ವಿಫೈ 2000ದ ಹೊತ್ತಿಗೆ, ಕಲೆ ಅಳಿಸೋ ಹೀಲಿಂಗ್ ಬ್ರಷ್ 2002ಕ್ಕೆ. ಆಗೆಲ್ಲ ಮನುಷ್ಯ ಕೂತು ಮಾಡ್ಬೇಕಿತ್ತು, ಕೈ ನೋಯ್ತಿತ್ತು, ಅದಕ್ಕೇ ಒಂದು ಮಿತಿಲಿ ನಿಲ್ತಿತ್ತು. ಈಗ ಕೈ ನೋಯಲ್ಲ, ನಿಲ್ಲಿಸೋದಕ್ಕೆ ಕಾರಣಾನೇ ಇಲ್ಲ.

ಇದನ್ನೇ ನಾನು ದೊಡ್ಡ ಬಾಯಿ ಮಾಡಿ, ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ ಅಂಕಲ್ ಅಂತ ಕೌಂಟರ್‌ನಲ್ಲಿದ್ದ ದೊಡ್ಡೋರಿಗೆ ಹೇಳಿದೆ. ಅವರು ನಕ್ಕು "ಏನಮ್ಮ ನೀನು, ನನ್ನ ಅನ್ನಾನೇ ಟಚಿಂಗು" ಅಂದ್ರು. ಹುಡುಗ ಆಗಿದ್ದಾಗ ಬೆಂಗಳೂರಲ್ಲಿ ಒಂದು ಸ್ಟುಡಿಯೋಗೆ ಸೇರ್ಕೊಂಡು ಮೊದಲ ಎರಡು ವರ್ಷ ಕಲ್ತಿದ್ದು ಅದೊಂದೇ ಕೆಲಸ ಅಂತೆ. ಇಳಿಜಾರು ಮೇಜು, ಮಧ್ಯೆ ಹಾಲುಗಾಜು, ಕೆಳಗಿಂದ ಕನ್ನಡಿ ಇಟ್ಟು ಕಿಟಕಿ ಬೆಳಕು ಮೇಲಕ್ಕೆ ಬಿಡೋದು, ಗಾಜಿನ ಮೇಲೆ ನೆಗೆಟಿವ್. ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ ಅಲ್ವಾ, ಮುಖದ ಮೇಲಿನ ಕಪ್ಪು ಗೆರೆ ಅಲ್ಲಿ ತಿಳಿಯಾಗಿರುತ್ತೆ. ಆ ತಿಳಿ ಜಾಗಕ್ಕೆ ಸೂಜಿ ಥರ ಮೊನೆ ಮಾಡಿದ ಗಟ್ಟಿ ಪೆನ್ಸಿಲಲ್ಲಿ ಸಣ್ಣ ಸಣ್ಣ ಸೊನ್ನೆ ಸುತ್ತಿ ತುಂಬಿದ್ರೆ ಪ್ರಿಂಟಲ್ಲಿ ಗೆರೆ ಹೋಗುತ್ತೆ. ಪೆನ್ಸಿಲ್ ಹಿಡೀಲಿ ಅಂತ ಮೊದ್ಲು ಒಂದು ವಾರ್ನಿಷ್ ಥರದ್ದು ಸವರೋದು. ಕಪ್ಪು ಮಾಡ್ಬೇಕಾದ್ರೆ ಬ್ಲೇಡಲ್ಲಿ ಕೆರೆಯೋದು, ಒಂದು ಕೂದಲೆಳೆ ಜಾಸ್ತಿ ಕೆರೆದ್ರೆ ನೆಗೆಟಿವ್ವೇ ಹೋಯ್ತು. ಮುಖ ಬೆಳ್ಳಗೆ ಬೇಕು ಅಂದ್ರೆ ಹಿಂದುಗಡೆ ಕೆಂಪು ಬಣ್ಣ ಬಳಿಯೋದು, ಯಾಕಂದ್ರೆ ಕಪ್ಪುಬಿಳುಪು ಪ್ರಿಂಟ್ ಪೇಪರ್‌ಗೆ ಕೆಂಪು ಬೆಳಕು ಕಾಣಲ್ಲ, ಅಲ್ಲಿ ಬೆಳಕು ತಡೆದು ಮುಖ ತಿಳಿಯಾಗಿ ಬರುತ್ತೆ. ಅಂದ್ರೆ ಮುಖಕ್ಕೆ ಬಿಳಿ ಬಳಿಯೋ ಹುಚ್ಚು ಕಂಪ್ಯೂಟರ್ ತಂದಿದ್ದಲ್ಲ, ಅದು ನಮ್ಮ ಹತ್ರ ಮೊದ್ಲಿಂದಾನೂ ಇತ್ತು. ನನ್ನ ಬಾಯಿ ಬಂದ್ ಆಯ್ತು.

ಆಮೇಲೆ ಅವರೇ ಹೇಳಿದ ಒಂದು ಮಾತು ಇಷ್ಟ ಆಯ್ತು. 120 ಅನ್ನೋ ಅಗಲದ ಫಿಲ್ಮಿನ ನೆಗೆಟಿವಲ್ಲೂ ಮುಖ ಹೆಬ್ಬೆರಳಿನ ಉಗುರಷ್ಟು ಇರೋದು, ಭೂತಗನ್ನಡಿ ಹಿಡ್ಕೊಂಡು ಎಷ್ಟು ಅಂತ ಕೆಲಸ ಮಾಡ್ತೀಯಾ, ಕಣ್ಣು ಸುತ್ತ ಎರಡು ಗೆರೆ ಹಗುರ ಮಾಡಿ ಬಿಡೋದು, ಗೆರೆ ಪೂರ್ತಿ ತೆಗೆದ್ರೆ ಗಿರಾಕಿ ಬಂದು ಫೋಟೋ ಅದಲುಬದಲು ಆಗಿದೆ ಅಂತ ಜಗಳ ತೆಗೀತಿದ್ರು ಅಂತ. ಈಗ ಗೆರೆ ಇದ್ರೆ ಜಗಳ.

ಇಲ್ಲಿ ನಮ್ಮ ಮನೇದೇ ಇನ್ನೊಂದು ವಿಷಯ ನೆನಪಾಯ್ತು. ನಮ್ಮ ಅಜ್ಜಿದು ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ಇರ್ಲಿಲ್ಲ. ತೀರ್ಕೊಂಡ ಮೇಲೆ ವೈಕುಂಠಕ್ಕೆ ಫೋಟೋ ಬೇಕು ಅಂತ ಯಾವುದೋ ಮದುವೆ ಗ್ರೂಪ್ ಫೋಟೋದಲ್ಲಿ ಮೂಲೇಲಿ ಅರ್ಧ ಕಾಣ್ತಿದ್ದ ಅಜ್ಜಿ ಮುಖ ಕತ್ತರಿಸಿ, ಪಕ್ಕದವರ ಭುಜ ತೆಗೆದು, ಇಲ್ಲದ ರೇಷ್ಮೆ ಸೀರೆ ಉಡಿಸಿ, ಹಿಂದೆ ನೀಲಿ ಬಣ್ಣ ಹಾಕಿ ಕೊಟ್ರು. ಅಜ್ಜಿ ಜೀವನದಲ್ಲಿ ಅಂಥ ಸೀರೆ ಉಟ್ಟಿಲ್ಲ. ಲೆಕ್ಕ ಹಾಕಿದ್ರೆ ನಮ್ಮಮ್ಮನ ಫೋಟೋಗಿಂತ ಹತ್ತು ಪಟ್ಟು ಸುಳ್ಳು ಅದು. ಆದ್ರೂ ಇವತ್ತಿನವರೆಗೂ ಮನೇಲಿ ಒಬ್ಬರೂ ಅದು ಅಜ್ಜಿ ಅಲ್ಲ ಅಂದಿಲ್ಲ, ಹಬ್ಬಕ್ಕೆ ಮೊದಲ ಹೂವು ಅದಕ್ಕೇ. ಯಾಕೆ ಅಂದ್ರೆ ಮುಖಕ್ಕೆ ಕೈ ಹಾಕಿಲ್ಲ. ಹಲ್ಲಿಲ್ಲದೆ ಒಳಗೆ ಹೋಗಿದ್ದ ಕೆನ್ನೆ ಹಂಗೇ ಇದೆ, ಒಂದು ಕಣ್ಣು ಸ್ವಲ್ಪ ಚಿಕ್ಕದು ಹಂಗೇ ಇದೆ. ಸೀರೆ ಬದಲಾಯಿಸ್ಬೋದು, ಗೋಡೆ ಬದಲಾಯಿಸ್ಬೋದು, ಅಜ್ಜಿ ಅಜ್ಜೀನೇ. ಹಾಗಾಗಿ ಟಚಪ್ ಎಷ್ಟು ಪರ್ಸೆಂಟ್ ಅಂತ ಅಳೆಯೋದು ನಂಗೆ ಸರಿ ಅನ್ಸಲ್ಲ, ಎಲ್ಲಿಗೆ ಕೈ ಹಾಕಿದ್ರು ಅನ್ನೋದೇ ಮುಖ್ಯ ಅನ್ಸುತ್ತೆ.

ಸರಿ, ಕಂಪ್ಯೂಟರ್ ಮುಂದೆ ಕೂತ್ವಿ. ಮಗ ಒರಿಜಿನಲ್ ಫೈಲ್ ತೆಗೆದು ಹೊಸದಾಗಿ ತಾವೇ ಶುರು ಮಾಡಿದ್ರು, ನಂಗೊಂದು ಕುರ್ಚಿ, ಅಮ್ಮಂಗೆ ಫೋಟೋ ತೆಗೆಸುವಾಗ ಕೂತಿದ್ದ ಅದೇ ಸ್ಟೂಲು. ನಾನು ಎಲ್ಲೋ ಓದಿದ ನಿಯಮ ಹೇಳ್ದೆ, ಎರಡು ವಾರದಲ್ಲಿ ತಾನಾಗೇ ಹೋಗೋದನ್ನ ತೆಗೀರಿ, ಮೊಡವೆ, ಸೊಳ್ಳೆ ಕಚ್ಚಿದ್ದು, ಕೆದರಿದ ಕೂದಲು. ಮೈಗೆ ಅಂಟ್ಕೊಂಡಿರೋದನ್ನ ಬಿಡಿ, ಮಚ್ಚೆ, ಗಾಯದ ಗುರುತು, ಸುಕ್ಕು. ಫೋಟೋಗ್ರಾಫರ್‌ಗಳೇ ಹೇಳೋ ನಿಯಮ ಅದು, ಕೇಳೋಕೂ ನ್ಯಾಯವಾಗಿದೆ. ಅವರೂ ತಲೆ ಆಡಿಸಿದ್ರು. ಅಮ್ಮ ಮಾತ್ರ ಸ್ಕ್ರೀನ್ ಹತ್ರ ಬಗ್ಗಿ "ಈ ಬಂಗು ಸ್ವಲ್ಪ ತೆಗಿಯಪ್ಪ" ಅಂದ್ರು.

ಅಮ್ಮಂಗೆ ಎರಡೂ ಕೆನ್ನೆ ಮೇಲೆ ಬಂಗು ಇದೆ. ನನ್ನ ತಮ್ಮ ಹುಟ್ಟಿದಾಗ ಬಂದಿದ್ದು ಹೋಗೇ ಇಲ್ಲ, ಅರಿಶಿನ, ಕಡಲೆಹಿಟ್ಟು, ಡಾಕ್ಟರ್ ಕ್ರೀಮು ಎಲ್ಲಾ ಆಗಿದೆ. ನನ್ನ ನಿಯಮದ ಪ್ರಕಾರ ಬಂಗು ಇರಬೇಕು. ಅದೂ ನೀನೇ ಅಲ್ವಾ ಅಮ್ಮ, ಇರ್ಲಿ ಬಿಡು, ನ್ಯಾಚುರಲ್ ಆಗಿ ಚೆನ್ನಾಗಿದೆ ಅಂದೆ. ಅಮ್ಮ ನನ್ನ ಕಡೆ ತಿರುಗಿ, "ಕನ್ನಡಿ ಮುಂದೆ ದಿನಾ ನಿಂತ್ಕೊಳ್ಳೋದು ನಾನು ಕಣೇ, ನೀನಲ್ಲ" ಅಂದ್ರು. ಅಲ್ಲಿಗೆ ಮುಗೀತು. ಮಚ್ಚೆ ಬೇಕೇ ಬೇಕು ಅಂದ್ರು, ಅದು ಅವರ ಅಮ್ಮಂಗೂ ಅದೇ ಜಾಗದಲ್ಲಿತ್ತಂತೆ, ನಂಗೆ ಆವತ್ತೇ ಗೊತ್ತಾಗಿದ್ದು. ಕೈ ಮೇಲಿನ ಸುಟ್ಟ ಕಲೆ "ಇದ್ರೂ ಸರಿ ಹೋದ್ರೂ ಸರಿ". ಕಿವಿ ತೂತು ವಾಪಸ್ ಬಂತು. ಹಣೆ ಗೆರೆ ಬಗ್ಗೆ ಇಬ್ಬರೂ ಚೌಕಾಸಿ ಮಾಡಿದ್ರು, ಸಂತೇಲಿ ಸೊಪ್ಪಿನ ಕಟ್ಟು ಕೇಳ್ದಂಗೆ. ಅವರು ಲೇಯರ್‌ನ ಒಪಾಸಿಟಿ, ಅಂದ್ರೆ ಟಚಪ್ ಎಷ್ಟು ಗಾಢ ಅನ್ನೋದನ್ನ, ನೂರರಿಂದ ಇಳಿಸ್ತಾ ಬರೋದು, ಅಮ್ಮ "ಇನ್ನೂ ಸ್ವಲ್ಪ, ಹಾಂ, ಅಲ್ಲೇ, ಇಲ್ಲ ಇನ್ನೊಂಚೂರು" ಅನ್ನೋದು, ಕೊನೆಗೆ ಮೂವತ್ತರ ಹತ್ರ ನಿಂತ್ತು. ಲೇಯರ್ ಪಕ್ಕ ಒಂದು ಕಣ್ಣಿನ ಗುರುತು ಇರುತ್ತಲ್ಲ, ಅದನ್ನ ಒತ್ತಿದ್ರೆ ಗೆರೆ ಬರುತ್ತೆ, ಮತ್ತೆ ಒತ್ತಿದ್ರೆ ಹೋಗುತ್ತೆ. ಅಮ್ಮ ಅದನ್ನ ಐದಾರು ಸಲ ಒತ್ತಿಸಿ ನೋಡಿದ್ರು. ಏನು ಅನ್ಕೊಂಡ್ರೋ ಹೇಳ್ಲಿಲ್ಲ.

ಹೋಗುವಾಗ ನನ್ನ ತಲೇಲಿದ್ದಿದ್ದು "ಎಷ್ಟು ಟಚಪ್ ಜಾಸ್ತಿ" ಅನ್ನೋ ಪ್ರಶ್ನೆ. ಬರುವಾಗ ಅದು ಪೂರ್ತಿ ಬೇರೆ ಆಗಿತ್ತು, ಟಚಪ್ ಮಾಡುವಾಗ ಸ್ಟೂಲ್ ಮೇಲೆ ಕೂತಿದ್ದು ಯಾರು? ಮೊದಲ ಸಲ ಯಾರೂ ಕೂತಿರ್ಲಿಲ್ಲ. ಫೋಟೋದಲ್ಲಿರೋರು ಕೂತು ತಮ್ಮ ಬಂಗು ತೆಗೆಸಿದ್ರೆ ಅದು ಪೌಡರ್ ಹಚ್ಕೊಂಡಂಗೆ, ಅವರಿಗೆ ಬಿಟ್ಟಿದ್ದು. ಅವರನ್ನ ಕೇಳದೆ ಇನ್ಯಾರೋ ತೆಗೆದ್ರೆ, ನೀನು ಹಿಂಗಿರೋದು ಸರಿ ಇಲ್ಲ ಅಂತ ಮುಖಕ್ಕೆ ಹೇಳ್ದಂಗೆ. ಸುಕ್ಕು ಇದ್ರೇನೇ ಅಸಲಿ ಅಂತ ನಾವು ಇಷ್ಟಪಡೋದು ಬಹುಶಃ ಬೇರೆಯವರ ಮುಖದಲ್ಲಿ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಫೋಟೋಗಳನ್ನ ನಾನೂ ಗಂಟೆಗಟ್ಟಲೆ ನೋಡಿದೀನಿ, ಶಿವರಾಮ ಕಾರಂತರ ಆ ಕೆದರಿದ ಬಿಳಿ ಕೂದಲಿನ ಫೋಟೋ ನೆನೆಸ್ಕೊಳ್ಳಿ, ಈ ಪ್ರಿಸೆಟ್ ಹುಡುಗನ ಕೈಗೆ ಸಿಕ್ಕಿದ್ರೆ ಕಾರಂತಜ್ಜಂಗೂ ಡೈ ಹಚ್ಚಿ ತಲೆ ಬಾಚಿ ಕಳಿಸೋನು. ಅಂಥ ಮುಖಗಳ ಸುಕ್ಕನ್ನ ಹೊಗಳ್ತಾ ಹೊಗಳ್ತಾ ನಾನು ಮಾತ್ರ ಸೆಲ್ಫಿ ತೆಗೆದ್ರೆ ಫಿಲ್ಟರ್ ಹಾಕ್ತೀನಿ, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಫೋಟೋದಲ್ಲಿರೋರಿಗೆ ಬಿಟ್ಟಿದ್ದು ಅನ್ನೋದೂ ಎಲ್ಲಾ ಕಡೆ ನಡೆಯಲ್ಲ. ನಮ್ಮನೆ ಗೋಡೆಗೆ ನಡೆಯುತ್ತೆ. ಫೋಟೋ ನೋಡಿ ಇನ್ನೊಬ್ಬರು ಏನೋ ತೀರ್ಮಾನ ಮಾಡೋ ಕಡೆ ನಡೆಯಲ್ಲ. ಇದೇ ಸ್ಟುಡಿಯೋದಲ್ಲಿ ನನ್ನ ಕಸಿನ್ ಒಬ್ಬ ಅಮೆರಿಕ ವೀಸಾಗೆ ಫೋಟೋ ತೆಗೆಸಿದ್ದ, 2×2 ಇಂಚು, ಬಿಳಿ ಬ್ಯಾಕ್‌ಗ್ರೌಂಡು, ಎಲ್ಲಾ ಅಳತೆ ಸರಿ. 2016ರ ನವೆಂಬರ್‌ನಿಂದ ಕನ್ನಡಕ ಹಾಕೋ ಹಂಗಿಲ್ಲ ಅನ್ನೋದೂ ಇವರಿಗೆ ಗೊತ್ತು, ತೆಗೆಸಿದ್ರು. ಆಮೇಲೆ ಅಭ್ಯಾಸಬಲ, ಕೆನ್ನೆ ನುಣ್ಣಗೆ ಮಾಡಿ ಬಣ್ಣ ಎತ್ತಿ ಕೊಟ್ರು. ಟಚಪ್ ಮಾಡಿದ ಮುಖ, ಫಿಲ್ಟರ್ ಹಾಕಿದ ಮುಖ ವೀಸಾದೋರು ತಗೊಳ್ಳಲ್ಲ, ಅಲ್ಲಿ ಫೋಟೋ ಕೆಲಸಾನೇ ಇವನು ಇವನೇನಾ ಅಂತ ನೋಡೋದು. ಅವನು ಬೇರೆ ಕಡೆ ಹೋಗಿ ಮತ್ತೆ ತೆಗೆಸ್ಬೇಕಾಯ್ತು. ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಈ ತಾಪತ್ರಯ ಇಲ್ಲ, ಅಲ್ಲೇ ಕೂರಿಸಿ ಅವರೇ ತೆಗೀತಾರೆ, ಎಲ್ಲರೂ ಸಮಾನವಾಗಿ ಕಳ್ಳರ ಥರ ಕಾಣ್ತೀವಿ.

ಹೆಣ್ಣು ನೋಡೋ ಫೋಟೋ ಇನ್ನೂ ಸೂಕ್ಷ್ಮ. ನಮ್ಮ ಸಂಬಂಧದಲ್ಲೇ ಒಬ್ಬಳು ಹುಡುಗಿದು ಬಯೋಡೇಟಾ ಜೊತೆ ಕಳಿಸಿದ ಫೋಟೋದಲ್ಲಿ ಬಣ್ಣ ಎತ್ತಿದ್ರು, ಅವಳು ಕೇಳಿರ್ಲಿಲ್ಲ, ಅವರಮ್ಮ ಕೇಳಿದ್ರೋ ಇಲ್ವೋ ಗೊತ್ತಿಲ್ಲ. ಗಂಡಿನ ಕಡೆಯೋರು ಬಂದು ಕೂತು ಉಪ್ಪಿಟ್ಟು ತಿಂತಾ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಹುಡುಗಿ ಚಿನ್ನದಂಥವಳು, ತಪ್ಪು ಮಾಡಿದೋಳು ಥರ ತಲೆ ತಗ್ಗಿಸಿ ಕೂತಿದ್ಲು. ನಂಗೆ ಆ ಎಡಿಟರ್ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಾಯಿಸಿ ಗ್ಲೋ ಅಂಡ್ ಲವ್ಲಿ ಆಯ್ತು, ನಮ್ಮ ಸ್ಟುಡಿಯೋಗಳ ಪ್ರಿಸೆಟ್ ಇನ್ನೂ ಹಳೇ ಹೆಸರಲ್ಲೇ ಇದೆ. ಊರಲ್ಲಿ ಹಬ್ಬಕ್ಕೆ ಕಟ್ಟೋ ಫ್ಲೆಕ್ಸ್ ನೋಡಿ ಬೇಕಾದ್ರೆ, ಇಪ್ಪತ್ತು ಮುಖ ಇದ್ರೆ ಇಪ್ಪತ್ತೂ ಒಂದೇ ಡಬ್ಬದ ಸುಣ್ಣ.

ಹೊರದೇಶದಲ್ಲಿ ಇದಕ್ಕೆ ಕಾನೂನೇ ಮಾಡಿದಾರೆ. ಫ್ರಾನ್ಸಲ್ಲಿ 2017ರ ಅಕ್ಟೋಬರ್ 1ರಿಂದ ಮಾಡೆಲ್‌ಗಳ ಮೈಕಟ್ಟನ್ನ ಸಣ್ಣ ಅಥವಾ ದಪ್ಪ ಮಾಡಿದ ಜಾಹೀರಾತು ಫೋಟೋ ಮೇಲೆ "ಟಚಪ್ ಮಾಡಿದ ಫೋಟೋ" ಅಂತ ಬರೀಬೇಕು, ಇಲ್ಲಾಂದ್ರೆ 37,500 ಯೂರೋವರೆಗೆ ದಂಡ. ನಾರ್ವೆಲಿ 2022ರ ಜುಲೈಯಿಂದ ಜಾಹೀರಾತಿಗೆ, ದುಡ್ಡು ತಗೊಂಡು ಪೋಸ್ಟ್ ಹಾಕೋ ಇನ್‌ಫ್ಲುಯೆನ್ಸರ್‌ಗಳಿಗೂ ಸೇರಿಸಿ, ಅದೇ ಥರದ ನಿಯಮ. ಗಮನಿಸಿ, ಅದು ಏನನ್ನೋ ಮಾರೋ ಫೋಟೋಗೆ. ಮನೇಲಿ ಹಾಕೋ ಫೋಟೋಗೆ ಯಾರ ಕಾನೂನೂ ಬರಲ್ಲ. ಹೆಣ್ಣು ನೋಡೋ ಫೋಟೋ ಇವೆರಡರಲ್ಲಿ ಯಾವುದಕ್ಕೆ ಸೇರುತ್ತೆ ಅಂತ ನನ್ನ ಕೇಳ್ಬೇಡಿ.

ಎಷ್ಟೋ ಫೋನುಗಳಂತೂ ಕೇಳೋದೇ ಇಲ್ಲ, ಕ್ಯಾಮೆರಾ ತೆರೆದ ತಕ್ಷಣ ಬ್ಯೂಟಿ ಆನ್. ಗೂಗಲ್‌ನೋರು 2020ರಲ್ಲಿ ತಮ್ಮ ಪಿಕ್ಸೆಲ್ ಫೋನಲ್ಲಿ ಸೆಲ್ಫಿ ಟಚಪ್ ಮೊದ್ಲಿಂದಾನೇ ಆಫ್ ಇರಲಿ ಅಂತ ಮಾಡಿದ್ರು, ಸೆಟ್ಟಿಂಗಲ್ಲಿ "ಬ್ಯೂಟಿ" ಅನ್ನೋ ಥರದ ಪದಾನೂ ತೆಗೆದ್ರು. ನಮ್ಮ ಸ್ಟುಡಿಯೋಗಳೂ ಅಷ್ಟು ಮಾಡಿದ್ರೆ ಸಾಕು. ಮೊದ್ಲಿಂದ ಆಫ್ ಇಡಿ, ಬೇಕಾದೋರು ಕೇಳ್ತಾರೆ.

ಇನ್ನು ಪ್ರಿಂಟು. ಇದು ತುಂಬಾ ಜನಕ್ಕೆ ಗೊತ್ತಿಲ್ಲ ಅದಕ್ಕೆ ಹೇಳ್ತೀನಿ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಫೋಟೋ ಅಂದ್ರೆ 6000×4000 ಪಿಕ್ಸೆಲ್, 16×24ಕ್ಕೆ ಇಂಚಿಗೆ 250 ಬೀಳುತ್ತೆ, ಗೋಡೆ ಮೇಲೆ ನಾಲ್ಕಡಿ ದೂರದಿಂದ ನೋಡೋಕೆ ಧಾರಾಳ. ಎಡಿಟರ್ ಕಂಪ್ಯೂಟರಲ್ಲಿ ಇನ್ನೂರು ಪರ್ಸೆಂಟ್ ಝೂಮ್ ಮಾಡಿ ನೋಡ್ತಾನೆ, ಅವನಿಗೆ ಒಂದೊಂದು ರಂಧ್ರಾನೂ ಬಾವಿ ಥರ ಕಾಣುತ್ತೆ, ಮುಚ್ಚಿಬಿಡ್ತಾನೆ. ಆ ರಂಧ್ರ ಪ್ರಿಂಟಲ್ಲಿ ಕಣ್ಣಿಗೆ ಕಾಣೋದೇ ಇಲ್ಲ, ಆದ್ರೆ ಅದು ಇದ್ರೇನೇ ಚರ್ಮ ಚರ್ಮ ಅನ್ಸೋದು. ಅದಕ್ಕೆ ನಾನು ದೊಡ್ಡ ಪ್ರಿಂಟಿಗೆ ಮುಂಚೆ ಮುಖದ ಭಾಗ ಮಾತ್ರ ಒಂದು 5×7 ಟೆಸ್ಟ್ ಪ್ರಿಂಟ್ ಹಾಕ್ಸಿದೆ, ದುಡ್ಡು ತಗೊಳ್ಳಲಿಲ್ಲ ಪಾಪ. ಗ್ಲಾಸಿ ಬೇಡ ಮ್ಯಾಟ್ ಮಾಡಿ ಅಂದೆ, ನಮ್ಮ ಹಾಲ್‌ನಲ್ಲಿ ಎದುರಿಗೇ ಕಿಟಕಿ. ಸಾಫ್ಟ್ ಕಾಪಿ ವಾಟ್ಸಾಪಲ್ಲಿ ಫೋಟೋ ಥರ ಕಳಿಸಿದ್ರೆ ಅದು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತೆ, ಡಾಕ್ಯುಮೆಂಟ್ ಥರ ಕಳಿಸಿ ಅಂತ ಕೇಳಿ, ಇಲ್ಲಾ ಪೆನ್‌ಡ್ರೈವ್ ಕೊಂಡುಹೋಗಿ. ಟಚಪ್ ಮಾಡದ ಒರಿಜಿನಲ್ಲೂ ಇಸ್ಕೊಳ್ಳಿ, ಕೇಳ್ದೇ ಇದ್ರೆ ಕೊಡಲ್ಲ, ಕೇಳಿದ್ರೆ ಇಲ್ಲ ಅನ್ನಲ್ಲ.

ಹೋಗೋರಿಗೆ ಅಂತ ಹೇಳ್ಬೇಕಂದ್ರೆ ಮದುವೆ ಸೀಸನ್ ಬಿಟ್ಟು ಹೋಗಿ, ಆಗ ಮಗನೇ ಕೂತು ಮಾಡ್ತಾರೆ. ಲೇಡೀಸ್‌ಗೆ ಬಟ್ಟೆ ಬದಲಾಯಿಸೋಕೆ ಜಾಗ ಇದೆ ಆದ್ರೆ ಚಿಲಕ ಸರಿ ಇಲ್ಲ. ಪಾರ್ಕಿಂಗ್ ಕೇಳ್ಬೇಡಿ. ಎರಡನೇ ಸಲದ ಕೆಲಸಕ್ಕೆ ಒಂದು ರೂಪಾಯಿ ಕೇಳ್ಲಿಲ್ಲ, ಎರಡು ಗಂಟೆ ಕೂತ್ರು, ಮಧ್ಯೆ ಟೀ ತರಿಸಿದ್ರು. ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡ್ಬೋದಿತ್ತು ಅನ್ಸುತ್ತೆ ಈಗ.

ಅಪ್ಪನ ಕೂದಲ ವಿಷಯ ಬಿಟ್ಟೇ ಹೋಯ್ತು. ಅಪ್ಪ ಆವತ್ತು ನಮ್ಮ ಜೊತೆ ಬಂದಿರ್ಲಿಲ್ಲ. ಸ್ಟುಡಿಯೋದಿಂದಾನೇ ಫೋನ್ ಮಾಡಿ, ಅಪ್ಪ ಕೂದಲು ತೆಗೆಸ್ತಾ ಇದೀನಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇರ್ಲಿ ಬಿಡು ಪುಟ್ಟಿ, ಅದರಿಂದ ಯಾರಿಗೇನು ತೊಂದ್ರೆ" ಅಂದ್ರು. ಅಮ್ಮಂಗೆ ಒಂದು ನ್ಯಾಯ ಅಪ್ಪಂಗೆ ಒಂದು ನ್ಯಾಯ ಅಂದ್ರೆ ಹೆಂಗೆ, ಸ್ಟೂಲ್ ಮೇಲೆ ಕೂತೋರು ಹೇಳ್ದಂಗೆ ಅಂತ ನಾನೇ ಅಲ್ವಾ ಅನ್ಕೊಂಡಿದ್ದು. ನಾನು ಫೋನ್ ಹಿಡ್ಕೊಂಡು ಪೆಚ್ಚಾಗಿ ನಿಂತಿದ್ದೆ. ಅಮ್ಮನೇ ಫೋನ್ ಇಸ್ಕೊಂಡು, "ನಾನು ಅರವತ್ತರ ಮುದುಕಿ ಥರ ಕೂತಿರೋ ಪಕ್ಕದಲ್ಲಿ ನೀವೊಬ್ರು ಮದುವೆ ಗಂಡು ಆಗಿ ಕೂರ್ತೀರಾ, ನೋಡಿದೋರು ಏನಂತಾರೆ" ಅಂತ ಇಟ್ಬಿಟ್ರು. ಇಬ್ಬರೂ ಇರೋ ಫೋಟೋ, ಎರಡು ಸ್ಟೂಲು. ಇದಕ್ಕೆ ನನ್ನ ಹತ್ರ ಯಾವ ನಿಯಮಾನೂ ಇರ್ಲಿಲ್ಲ.

ಈಗ ಹಾಲ್‌ನಲ್ಲಿರೋ ಫ್ರೇಮಲ್ಲಿ ಅಪ್ಪಂಗೆ ಕೂದಲಿಲ್ಲ, ಮೀಸೆ ಬೆಳ್ಳಗಿದೆ, ಅಮ್ಮಂಗೆ ಮಚ್ಚೆ ಇದೆ, ಬಂಗು ಇಲ್ಲ ಅನ್ನೋಷ್ಟು ತಿಳಿ. ಮೊದಲ ಸಲ ಬಂದಿದ್ದ ಆ ಐದೂ ಫೋಟೋ ಡಿಲೀಟ್ ಮಾಡಿಸಿದ್ದೆ ಅನ್ಕೊಂಡಿದ್ದೆ. ಮೊನ್ನೆ ಅಪ್ಪನ ವಾಟ್ಸಾಪ್ ಡಿಪಿ ಬದಲಾಗಿದೆ, ಅಮ್ಮನ್ನ ಕ್ರಾಪ್ ಮಾಡಿ ತಾವೊಬ್ಬರೇ ಇರೋದು, ತಲೆ ತುಂಬಾ ಕೂದಲು. ಅವರ ಪಿಯುಸಿ ಫ್ರೆಂಡ್ಸ್ ಗ್ರೂಪಲ್ಲಿ ಹದಿನೇಳು ಜನ ತಂಬ್ಸಪ್ ಹಾಕಿದಾರೆ, ಒಬ್ಬರು "ಯಾವ ಎಣ್ಣೆ ಹಚ್ತೀಯೋ" ಅಂತ ಕೇಳಿದಾರೆ, ಅಪ್ಪ ಇನ್ನೂ ರಿಪ್ಲೈ ಮಾಡಿಲ್ಲ.